ಮೊಳೆಯದ ಧಾನ್ಯದ ಸುರೆಯೂ ಗೃಹಸ್ಥನ ಹಕ್ಕೂ

ಬಾರ್ಲಿಯನ್ನು ಮೊಳೆಯಿಸದೆ ಬಿಯರ್ ಆಗದೆಂಬುದು ನಮ್ಮ ವಿದ್ಯಾವಂತರಲ್ಲಿ ಬೇರೂರಿರುವ ನಂಬಿಕೆ. ಅದು ಆಂಗ್ಲರ ದಂಡುಗಳೊಡನೆ ಪುಣೆಗೂ ಬೆಂಗಳೂರಿಗೂ ಬಂದ ಪರದೇಶೀಯ ಪಾನವೆಂದೇ ನಾವೆಲ್ಲ ಎಣಿಸಿದ್ದೇವೆ. ಸೀಸೆಯ ಮಟ್ಟಿಗೆ ಈ ಮಾತು ನಿಜ. ಆದರೆ ಮೊಳೆಯದ ಅಕ್ಕಿಯಿಂದ, ಅಲ್ಪ ವ್ಯಯದಲ್ಲಿ, ಮನೆಯಲ್ಲಿಯೇ ಇಂತಹ ಪಾನವನ್ನು ಸಿದ್ಧಪಡಿಸುವ ವಿದ್ಯೆ ನಮ್ಮ ದೇಶದಲ್ಲಿ ಅತಿ ಪ್ರಾಚೀನವಾದುದು. ಅದರ ಅಳತೆಗಳು ಕೂಡ ನಮಗೆ ಉಳಿದುಬಂದಿವೆ.

ಅವು ಉಳಿದುದು ಮೈಸೂರಿನ ಪುಣ್ಯದಿಂದ. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಯ ಪ್ರತಿ ಅಲ್ಲಿನ ಓರಿಯಂಟಲ್ ಲೈಬ್ರರಿಗೆ ಬಂದು, ರುದ್ರಪಟ್ಟಣದ ಶಾಮಶಾಸ್ತ್ರಿಗಳಿಂದ 1909ರಲ್ಲಿ ಮುದ್ರಣಗೊಂಡ ಸಂಗತಿ ವಾಚಕರಿಗೆ ವಿದಿತವೇ ಇದೆ. ಆ ಗ್ರಂಥದ ಎರಡನೆಯ ಅಧಿಕರಣದಲ್ಲಿ ಸುರಾಧ್ಯಕ್ಷನನ್ನು ಕುರಿತ ಅಧ್ಯಾಯವೊಂದಿದೆ. ಆಡಳಿತದ ದೃಷ್ಟಿಯಿಂದ ಅದನ್ನು ಓದಿದವರು ಬಹಳ. ಪಾಕದ ದೃಷ್ಟಿಯಿಂದ ಓದಿದವರು ಕಡಮೆ. ಅಲ್ಲಿ ಹೇಳಿರುವ ‘ಮೇದಕ’ವೆಂಬ ಮದ್ಯಕ್ಕೆ ಒಂದು ದ್ರೋಣ ನೀರು, ಅರ್ಧ ಆಢಕ ಅಕ್ಕಿ, ಮೂರು ಪ್ರಸ್ಥ ಕಿಣ್ವ ಬೇಕು. ನಾಲ್ಕು ಪ್ರಸ್ಥಕ್ಕೆ ಒಂದು ಆಢಕ, ನಾಲ್ಕು ಆಢಕಕ್ಕೆ ಒಂದು ದ್ರೋಣವೆಂಬ ಲೆಕ್ಕದಂತೆ, ಹದಿನಾರು ಪಾಲು ನೀರಿಗೆ ಎರಡು ಪಾಲು ಅಕ್ಕಿ, ಮೂರು ಪಾಲು ಕಿಣ್ವ ಎಂದಾಯಿತು. ಅಂಕಿಗಳೊಡನೆಯೇ ಹೊಟ್ಟೆ ಹೊರೆಯುವ ನನ್ನಂಥವನಿಗೆ ಇಲ್ಲಿ ಮೊದಲು ಕಣ್ಣಿಗೆ ಬೀಳುವುದು ಹೆಪ್ಪೇ ಅಕ್ಕಿಗಿಂತ ಹೆಚ್ಚಾಗಿರುವುದು. ಅಂದಮೇಲೆ ಕಿಣ್ವವು ಹಾಲಿಗೆ ಬೆರಸುವ ಮಜ್ಜಿಗೆಯಂತೆ ತೊಟ್ಟಿನಷ್ಟು ಸಾಕಾಗುವ ಪದಾರ್ಥವಲ್ಲ. ಅದು ಸ್ವತಃ ಧಾನ್ಯ. ಅದರ ಘಟಕಗಳನ್ನೂ ಗ್ರಂಥಕಾರ ಕೊಟ್ಟಿದ್ದಾನೆ: ಹಸಿಯ ಅಥವಾ ಬೇಯಿಸಿದ ಉದ್ದಿನ ಕಲ್ಕ ಒಂದು ದ್ರೋಣ, ಅದಕ್ಕಿಂತ ಮೂರನೆಯ ಒಂದು ಪಾಲು ಅಧಿಕವಾದ ಅಕ್ಕಿ, ಮೋರಟವೇ ಮೊದಲಾದ ಮೂಲಿಕೆಗಳು ಒಂದೊಂದು ಕರ್ಷ. ಎಲ್ಲಿಯೂ ಮೊಳಕೆಯ ಸುದ್ದಿಯಿಲ್ಲ.

ಮೊಳಕೆಯಿಲ್ಲದೆ ಇದು ಹೇಗೆ ಸಾಧ್ಯ? ಧಾನ್ಯದ ಪಿಷ್ಟವು ಸಕ್ಕರೆಯಾಗದ ಹೊರತು ಯೀಸ್ಟಿಗೆ ಅದು ಆಹಾರವಾಗದು. ಮೊಳೆಯುವ ಬಾರ್ಲಿ ಈ ಕೆಲಸವನ್ನು ತಾನೇ ಮಾಡಿಕೊಳ್ಳುತ್ತದೆ. ಅದರಲ್ಲಿರುವ ಡಯಾಸ್ಟೇಸನ್ನು ಪಾಯೆನ್ ಮತ್ತು ಪೆರ್ಸೋ ಎಂಬ ಫ್ರೆಂಚ್ ರಸಾಯನಜ್ಞರು 1833ರಲ್ಲಿ ಬೇರ್ಪಡಿಸಿದರು. ಪೂರ್ವದೇಶಗಳು ಬೇರೊಂದು ದಾರಿಯನ್ನು ಹಿಡಿದವು. ಅಲ್ಲಿ ಪಿಷ್ಟವನ್ನು ಒಡೆಯುವುದು ಬೂಷ್ಟು. ಸಿಕ್ಕಿಂ, ಡಾರ್ಜಿಲಿಂಗ್ ಕಡೆಯವರು ನಮ್ಮದೇ ರಾಗಿಯನ್ನು, ಮೊಳೆಯಿಸದೆ, ಬೇಯಿಸಿ ಆರಿಸಿ, ‘ಮರ್ಚಾ’ ಎಂಬ ಬಿಲ್ಲೆಯ ಪುಡಿಯನ್ನು ಬೆರಸಿ ಹುದುಗಲು ಇಡುತ್ತಾರೆ. ಝಾರ್ಖಂಡದ ಆದಿವಾಸಿಗಳ ‘ಹಂಡಿಯಾ’ಕ್ಕೆ ಅನ್ನವೂ ‘ರಾನು’ ಎಂಬ ಬಿಲ್ಲೆಯೂ ಸಾಕು. ಈ ಬಿಲ್ಲೆಗಳೂ ಅಕ್ಕಿಹಿಟ್ಟು ಮತ್ತು ಬೇರುನಾರುಗಳಿಂದಲೇ ಆದವು. ಅರ್ಥಶಾಸ್ತ್ರವು ಬರಿಯ ಕಿಣ್ವವೆನ್ನದೆ ‘ಕಿಣ್ವಬಂಧ’ವೆಂದು ಹೇಳುವುದರಿಂದ, ಅದೂ ಇಂತಹ ಉಂಡೆಯೋ ಬಿಲ್ಲೆಯೋ ಆಗಿದ್ದಿತೆಂದು ಊಹಿಸುವುದು ತಪ್ಪಾಗಲಾರದು.

ಉದ್ದು, ಅಕ್ಕಿ, ಹುದುಗು ಎಂದೊಡನೆ ಕನ್ನಡಿಗನಿಗೆ ಇಡ್ಲಿಯ ನೆನಪಾಗುವುದು ಸಹಜ. ವಡ್ಡಾರಾಧನೆಯಲ್ಲಿ ಇಡ್ಡಲಿಗೆಯ ಹೆಸರುಂಟು; ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಅದು ಉದ್ದಿನ ತಿನಿಸು. ಹಳೆಯ ಗ್ರಂಥಗಳಲ್ಲಿ ಅಕ್ಕಿಯೂ ಹುದುಗಿಸುವಿಕೆಯೂ ಕಾಣದಿರುವುದರಿಂದ, ಈ ಕ್ರಮವು ಇಂಡೋನೇಶಿಯದ ಕಡೆಯಿಂದ ಬಂದಿರಬಹುದೆಂದು ಕೊಳ್ಳೇಗಾಲದಲ್ಲಿ ಜನಿಸಿದ ಆಹಾರವಿಜ್ಞಾನಿ ಕೆ. ಟಿ. ಅಚ್ಚಯ್ಯನವರು ಊಹಿಸಿದರು. ಅಡಿಗೆಮನೆಯ ಗ್ರಂಥಗಳನ್ನು ಮಾತ್ರ ನೋಡಿದರೆ ಅವರ ವಾದ ಸಮಂಜಸವೇ. ಆದರೆ ಉದ್ದನ್ನೂ ಅಕ್ಕಿಯನ್ನೂ ಮೂರಕ್ಕೆ ನಾಲ್ಕರಂತೆ ಬೆರಸಿ ಹುದುಗಿಗೆ ಬಳಸುವುದು ಸುರಾಗೃಹದಲ್ಲಿ ಅದೆಷ್ಟೋ ಶತಮಾನಗಳ ಮೊದಲೇ ತಿಳಿದಿದ್ದಿತೆಂಬುದನ್ನು ಗಣನೆಗೆ ತೆಗೆದುಕೊಳ್ಳಬೇಕು. ಹಾಗೆಂದು ಎರಡನ್ನೂ ಒಂದೇ ಎನ್ನಲಾಗದು. ಇಡ್ಲಿಯ ಹಿಟ್ಟನ್ನು ಎಷ್ಟು ದಿನ ಇಟ್ಟರೂ ಹುಳಿಯುವುದೇ ಹೊರತು ಸುರೆಯಾಗದು.

ಇನ್ನು ಹಕ್ಕಿನ ಮಾತು. ಮದ್ಯದ ಮೇಲೆ ಕೌಟಿಲ್ಯನ ಹಿಡಿತ ಬಹಳ ಬಿಗಿ. ಮಾಡುವ, ಮಾರುವ ಸ್ಥಳಗಳನ್ನೆಲ್ಲ ಗೊತ್ತುಪಡಿಸುತ್ತಾನೆ, ತಪ್ಪಿದವರಿಗೆ ದಂಡ ಹಾಕುತ್ತಾನೆ. ಅಂಥವನೂ ಕುಟುಂಬಸ್ಥರು ತಮ್ಮ ಕಾರ್ಯವಿಶೇಷಗಳಲ್ಲಿ ಶ್ವೇತಸುರೆಯನ್ನೂ, ಔಷಧಕ್ಕಾಗಿ ಅರಿಷ್ಟವನ್ನೂ ಮಾಡಿಕೊಳ್ಳಬಹುದೆಂದು ಬಿಟ್ಟುಕೊಡುತ್ತಾನೆ. ಉತ್ಸವ, ಸಮಾಜ, ಯಾತ್ರೆಗಳಲ್ಲಿ ನಾಲ್ಕು ದಿನಗಳ ಅನುಮತಿ ಬೇರೆ. ಸುರೆ ಕಿಣ್ವಗಳ ಸಂಗ್ರಹದ ಕೆಲಸ ಹೆಂಗಸರದೂ ಮಕ್ಕಳದೂ. ಗೃಹಿಣಿಯ ಕೈಯಲ್ಲಿದ್ದ ವಿದ್ಯೆಗೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ.

ಇದು ಕರ್ಣಾಟಕವನ್ನೇ ಕುರಿತ ಗ್ರಂಥವಲ್ಲ, ನಿಜ. ನಮ್ಮಲ್ಲಿ ಮರದ ಹೆಂಡವೇ ಮೇಲುಗೈ ಪಡೆದಂತೆ ತೋರುತ್ತದೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯನಿಗೆ ಕಸುಬೇ ಹೆಸರಾಯಿತು. ಆದರೂ ಧಾನ್ಯದ ಪಾನವು ದಖ್ಖಣದಿಂದ ಅಳಿದಿರಲಿಲ್ಲ. ಮರಾಠಾ ಸೀಮೆಯಲ್ಲಿ ರಾಗಿಯಿಂದ ‘ಬೋಜ’ ಎಂಬ ಹುದುಗಿದ ಪಾನವನ್ನು ಮಾಡುತ್ತಿದ್ದರೆಂದು ಹತ್ತೊಂಬತ್ತನೆಯ ಶತಮಾನದ ಆಂಗ್ಲ ಸಸ್ಯಗ್ರಂಥಗಳು ಹೇಳುತ್ತವೆ. ಈ ಶಬ್ದವನ್ನು ತುರ್ಕರ ‘ಬೋಜಾ’ದಿಂದ ಬೇರ್ಪಡಿಸುವುದು ಕಷ್ಟ. ಹೆಸರು ಹೊರಗಿನದಾದ ಮಾತ್ರಕ್ಕೆ ಮಡಕೆಯೊಳಗಿನದೂ ಹೊರಗಿನದೇ ಆಗಬೇಕೆಂದಿಲ್ಲ.

ಮುಂಬಯಿಯ ಅಬಕಾರಿ ಕಾಯಿದೆ 1878ರಲ್ಲಿ ಬಂದಿತು. ಧಾರವಾಡ, ಬೆಳಗಾವಿ, ವಿಜಾಪುರಗಳೂ ಪುಣೆಯೂ ಆಗ ಒಂದೇ ಇಲಾಖೆಗೆ ಒಳಪಟ್ಟಿದ್ದವು. ಪರವಾನಗಿಯಿಲ್ಲದೆ ಮದ್ಯವನ್ನು ಮಾಡುವುದು ಅಪರಾಧವಾಯಿತು. ಸರಕಾರದ ಮುಖ್ಯ ಲಕ್ಷ್ಯ ಹೆಂಡ ಸಾರಾಯಿಗಳ ಉತ್ಪನ್ನದ ಮೇಲೆ. ಬಡವನ ಮನೆಯ ಮಡಕೆಯಿಂದ ಬೊಕ್ಕಸಕ್ಕೆ ಕಾಸೂ ಹುಟ್ಟದು. ಆ ಮಡಕೆ ಇದ್ದಷ್ಟೂ ಗುತ್ತಿಗೆದಾರನ ಅಂಗಡಿಗೆ ಮಾತ್ರ ನಷ್ಟ. ಬಂಗಾಲದಲ್ಲಿ ಹೀಗಾಗಲಿಲ್ಲ. ಅಲ್ಲಿನ 1909ರ ಕಾಯಿದೆಯು ಹುದುಗಿದ ಅಕ್ಕಿ ಮತ್ತು ಕಿರುಧಾನ್ಯಗಳ ಪಾನಕ್ಕೆ ‘ಪಚ್‌ವೈ’ ಎಂದು ಪ್ರತ್ಯೇಕ ಹೆಸರಿತ್ತಿತು. ಆದಿವಾಸಿಗಳ ಮನೆಬಳಕೆಗೆ ವಿನಾಯಿತಿಯೂ ದೊರೆಯಿತು. ರಾನು ಅಲ್ಲಿ ಇಂದಿಗೂ ಸಂತೆಯಲ್ಲಿ ಸಿಕ್ಕುತ್ತದೆ. ವಿದ್ಯೆಯ ಪ್ರಾಣವೆಲ್ಲ ಆ ಬಿಲ್ಲೆಯಲ್ಲಿ ಇರುವುದರಿಂದ, ಒಂದು ತಲೆಮಾರು ಅದನ್ನು ಮಾಡದೆ ಬಿಟ್ಟರೆ ರಾಗಿಯೂ ಅಕ್ಕಿಯೂ ಎಷ್ಟಿದ್ದರೂ ಪ್ರಯೋಜನವಿಲ್ಲ.

ಇಂಗ್ಲೆಂಡಿನ ಕಥೆ ಇನ್ನೂ ವಿಚಿತ್ರವಾದುದು. ಅಲ್ಲಿ ಮಾಲ್ಟಿನ ಮೇಲೆಯೇ ಸುಂಕವಿದ್ದುದರಿಂದ, ಮೊಳೆಯದ ಧಾನ್ಯವನ್ನು ಬಳಸುವುದೆಂದರೆ ಸುಂಕ ತಪ್ಪಿಸಿದಂತೆ ಆಗುತ್ತಿತ್ತು. 1880ರಲ್ಲಿ ಗ್ಲ್ಯಾಡ್‌ಸ್ಟನ್ ಮಹಾಶಯರು ಆ ಸುಂಕವನ್ನು ತೆಗೆದು, ಹುದುಗುವ ಮುಂಚಿನ ರಸದ ಮೇಲೆ ವಿಧಿಸಿದರು. ಅಕ್ಕಿ, ಜೋಳ, ಸಕ್ಕರೆ ಯಾವುದನ್ನಾದರೂ ಬೆರಸಲು ಅಲ್ಲಿನ ಕಾರ್ಖಾನೆಗಳಿಗೆ ಸ್ವಾತಂತ್ರ್ಯ ಬಂದಿತು. ನಮ್ಮಲ್ಲಿ ಕದ ಮುಚ್ಚಿದ ಎರಡೇ ವರ್ಷಕ್ಕೆ ಅವರಲ್ಲಿ ಕದ ತೆರೆಯಿತು! ಸ್ವಂತ ಬಳಕೆಗಾಗಿ ಮನೆಯಲ್ಲಿ ಬಿಯರ್ ಮಾಡಿಕೊಳ್ಳಲು ಬೇಕಾಗಿದ್ದ ಪರವಾನಗಿಯನ್ನೂ ಅಲ್ಲಿ 1963ರಲ್ಲಿ ರದ್ದು ಮಾಡಿದರು. ಪುಣೆಯಲ್ಲಾದರೋ 1949ರ ಮದ್ಯನಿಷೇಧದ ಕಾಯಿದೆಯ ಪ್ರಕಾರ ಅದು ಇಂದಿಗೂ ಅಪರಾಧವೇ. ನಮ್ಮ ದೊಡ್ಡ ಕಾರ್ಖಾನೆಗಳು ಮಾತ್ರ ಅಗ್ಗವೆಂಬ ಕಾರಣದಿಂದ ಮಾಲ್ಟಿನೊಡನೆ ಅಕ್ಕಿಯನ್ನೋ ಮುಸುಕಿನ ಜೋಳವನ್ನೋ ಯಥೇಚ್ಛವಾಗಿ ಬೆರಸುತ್ತಿವೆ.

‘ಕಿಣ್ವ’ ಶಬ್ದವು ಈಗ ಕನ್ನಡ ಶಾಲೆಗಳ ವಿಜ್ಞಾನ ಪಠ್ಯಗಳಲ್ಲಿ ಎನ್‌ಜೈಮಿಗೆ ಪರ್ಯಾಯವಾಗಿ ನಿಂತಿದೆ. ಮನೆಮಾತಿನಲ್ಲಿ ಆ ಉಂಡೆಗೆ ಇದ್ದ ಹೆಸರೇನು? ವಿಜಾಪುರ, ಬೆಳಗಾವಿ, ಸೊಲ್ಲಾಪುರದ ಕಡೆಯಿಂದ ಬಂದು ಇಲ್ಲಿ ನೆಲೆಸಿರುವ ವಾಚಕರು ತಮ್ಮ ಮನೆಯ ಹಿರಿಯ ಹೆಂಗಸರನ್ನು ಕೇಳಿ, ಧಾನ್ಯವನ್ನು ಹುದುಗಿಸುವ ಬಿಲ್ಲೆಗೆ ಯಾವುದಾದರೂ ಹೆಸರು ಅವರ ನೆನಪಿನಲ್ಲಿದ್ದರೆ ಸಂಪಾದಕರಿಗೆ ಬರೆದು ತಿಳಿಸಬೇಕಾಗಿ ಪ್ರಾರ್ಥನೆ.