ಕಡಲ ಬಾತುಗಳ ಲಕ್ಷಣವಿಚಾರ

ಲಕ್ಷಣವು ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ ಎಂಬ ಮೂರು ದೋಷಗಳಿಂದ ದೂರವಾಗಿರಬೇಕೆಂಬುದು ತಾರ್ಕಿಕರ ನಿಯಮ. ಗೋವಿಗೆ ಕೊಂಬನ್ನು ಲಕ್ಷಣವಾಗಿ ಹೇಳಿದರೆ ಅದು ಎಮ್ಮೆಗೂ ಸಲ್ಲುವುದು. ಕಪಿಲವರ್ಣವನ್ನು ಹೇಳಿದರೆ ಬಿಳಿಯ ಹಸುವು ಹೊರಗುಳಿಯುವುದು. ಪಾಶ್ಚಾತ್ಯ ಪಕ್ಷಿಶಾಸ್ತ್ರದ ಚರಿತ್ರೆಯಲ್ಲಿ ಈ ಪ್ರಶ್ನೆಯು ಉತ್ತರದ ಸಮುದ್ರಗಳ ಬಾತುಗಳ ವಿಷಯದಲ್ಲಿ ಬಹುಕಾಲ ಕಾಡಿತು. ಅಲ್ಲಿ ಮತ್ತೊಂದು ತೊಡಕೂ ಸೇರಿದ್ದಿತು. ಕೈಯಲ್ಲಿ ಹಿಡಿದ ಹಕ್ಕಿಗೆ ನಿರ್ದುಷ್ಟವಾದ ಲಕ್ಷಣವು ದೂರದ ಅಲೆಯ ಮೇಲೆ ತೇಲುವ ಹಕ್ಕಿಗೆ ಸಾಲದಾಗುತ್ತಿದ್ದಿತು.

ಸ್ಕೋಟರ್ ಎಂಬ ಬಾತುಗಳು ಇದಕ್ಕೆ ತಕ್ಕ ನಿದರ್ಶನ. ಸ್ವೀಡನ್ ದೇಶದ ಲಿನೇಯಸನು 1758ರಲ್ಲಿ ಇವುಗಳಲ್ಲಿ ಮೂರಕ್ಕೆ ಹೆಸರಿಟ್ಟನು. ಒಂದಕ್ಕೆ ಕಪ್ಪು ಎಂಬರ್ಥದ ‘ನೈಗ್ರ’, ಇನ್ನೊಂದಕ್ಕೆ ಮಬ್ಬುಗಪ್ಪು ಎಂಬರ್ಥದ ‘ಫಸ್ಕ’ ಎಂಬ ಹೆಸರು ಸಂದಿತು. ಆದರೆ ಮೂರರ ಗಂಡುಗಳೂ ಕಪ್ಪಾಗಿಯೇ ಇರುವುದರಿಂದ ವರ್ಣವು ಅತಿವ್ಯಾಪ್ತವಾಯಿತು. ಫಸ್ಕದ ರೆಕ್ಕೆಯಲ್ಲಿ ಬಿಳಿಯ ಪಟ್ಟೆಯುಂಟು. ಇದು ಗಂಡುಹೆಣ್ಣುಗಳೆರಡರಲ್ಲಿಯೂ ಇರುವ ನಿಜವಾದ ಗುರುತು. ಆದರೂ ಹಕ್ಕಿಯು ಈಜುತ್ತಿರುವಾಗ ಪಕ್ಕೆಯ ಗರಿಗಳು ಅದನ್ನು ಅನೇಕವೇಳೆ ಮರೆಮಾಡುತ್ತವೆ. ಮೂರನೆಯದಾದ ಸರ್ಫ್ ಸ್ಕೋಟರಿನ ಗಂಡಿಗೆ ಹಣೆಯಲ್ಲಿಯೂ ಹಿಂಗತ್ತಿನಲ್ಲಿಯೂ ಬಿಳಿಯ ಮಚ್ಚೆಗಳಿರುವುವು; ಹೆಣ್ಣಿಗೋ ಫಸ್ಕದ ಹೆಣ್ಣಿನಂತೆಯೇ ಕೆನ್ನೆಯ ಮೇಲೆ ಎರಡು ಮಸುಕಾದ ಕಲೆಗಳು ಮಾತ್ರ.

ಹತ್ತೊಂಬತ್ತನೆಯ ಶತಮಾನದ ವಿದ್ವಾಂಸರು ಈ ಸಂದೇಹವನ್ನು ಕೋವಿಯಿಂದ ಪರಿಹರಿಸಿಕೊಂಡರು. ಅಮೆರಿಕದ ಎಲಿಯಟ್ ಕೌಸನು 1874ರಲ್ಲಿ ಬರೆದ ಕೈಪಿಡಿಯಲ್ಲಿ ಪಕ್ಷಿಶಾಸ್ತ್ರಜ್ಞನ ಮುಖ್ಯಸಾಧನವು ಜೋಡುನಳಿಗೆಯ ಬಂದೂಕೇ ಆಗಿದೆ. ಕೊಂದು ಕೈಗೆ ತೆಗೆದುಕೊಂಡ ಮೇಲೆ ಕೊಕ್ಕನ್ನು ಅಳೆಯಬಹುದು, ಗರಿಗಳನ್ನು ಎಣಿಸಬಹುದು. ಗ್ರಂಥಗಳ ಲಕ್ಷಣಗಳೆಲ್ಲವೂ ಇಂತಹ ಹಕ್ಕಿಗಾಗಿಯೇ ರಚಿತವಾದುವು.

ಈ ಪದ್ಧತಿಯ ಕೊರತೆಯನ್ನು ಎತ್ತಿ ತೋರಿಸಿದುದು ಒಂದು ಬಾಲಕಥೆ. ಅರ್ನೆಸ್ಟ್ ಥಾಂಪ್ಸನ್ ಸೇಟನ್ 1903ರಲ್ಲಿ ಪ್ರಕಟಿಸಿದ ‘ಟೂ ಲಿಟಲ್ ಸ್ಯಾವೇಜಸ್’ ಎಂಬ ಪುಸ್ತಕದಲ್ಲಿ ಯಾನ್ ಎಂಬ ಹುಡುಗನಿಗೆ ಬಾತುಗಳು ದೂರದಲ್ಲಿ ಮಾತ್ರ ಕಾಣುತ್ತವೆ. ಅವನ ಬಳಿಯ ಪುಸ್ತಕವಾದರೋ ಕೈಯಲ್ಲಿರುವ ಬಾತನ್ನು ವರ್ಣಿಸುತ್ತದೆ. ಹುಡುಗನು ಹುಲ್ಲು ತುಂಬಿಟ್ಟ ಬಾತುಗಳನ್ನು ಗಮನಿಸಿ, ಪ್ರತಿಯೊಂದು ಜಾತಿಗೂ ದೂರಕ್ಕೆ ಕಾಣುವ ಕಪ್ಪುಬಿಳುಪಿನ ವಿನ್ಯಾಸವೊಂದುಂಟೆಂದು ಕಂಡುಕೊಂಡು ಚಿತ್ರಿಸಿಕೊಳ್ಳುತ್ತಾನೆ. ಇತ್ತ ನ್ಯೂಯಾರ್ಕಿನಲ್ಲಿ ಲಡ್ಲೋ ಗ್ರಿಸ್ಕಮ್ ದುರ್ಬೀನಿನಿಂದಲೇ ಜಾತಿನಿರ್ಣಯವು ಸಾಧ್ಯವೆಂದು ತೋರಿಸಿಕೊಟ್ಟನು. ರಾಜರ್ ಟೋರಿ ಪೀಟರ್ಸನ್ 1934ರಲ್ಲಿ ಹೊರತಂದ ಪಕ್ಷಿದರ್ಶಿಕೆಯು ಯಾನನ ಉಪಾಯವನ್ನೇ ಸಕಲ ಪಕ್ಷಿಗಳಿಗೂ ವಿಸ್ತರಿಸಿತು. ಸೇಟನ್ನನ ಋಣವನ್ನು ಅದರ ಪೀಠಿಕೆಯೇ ಹೇಳುತ್ತದೆ.

ದೂರದ ನೋಟವು ಕೈಗೆ ಸಿಕ್ಕದ ಲಕ್ಷಣಗಳನ್ನೂ ಒದಗಿಸಿತು. ಅಮೆರಿಕದ ಕಪ್ಪು ಸ್ಕೋಟರ್ ನೀರಿನಿಂದ ಮೇಲೆದ್ದು ರೆಕ್ಕೆ ಬಡಿಯುವಾಗ ಕುತ್ತಿಗೆಯನ್ನು ಕೆಳಕ್ಕೆ ಬಾಗಿಸುತ್ತದೆ. ಸರ್ಫ್ ಸ್ಕೋಟರ್ ಹಾಗೆ ಮಾಡುವುದಿಲ್ಲ. ಸತ್ತ ಹಕ್ಕಿಯಲ್ಲಿ ಈ ಭೇದವನ್ನು ಯಾರೂ ಕಾಣಲಾರರು. ಹಾಗೆಂದು ಕೈಯ ಪರೀಕ್ಷೆಯು ವ್ಯರ್ಥವಾಗಲಿಲ್ಲ. ಅಮೆರಿಕದ ಕಪ್ಪು ಸ್ಕೋಟರನ್ನು ಅಲ್ಲಿಯ ಪಕ್ಷಿಶಾಸ್ತ್ರ ಸಂಘವು 2010ರಲ್ಲಿ ಯೂರೋಪಿನ ನೈಗ್ರದಿಂದ ಬೇರ್ಪಡಿಸಿತು. 2019ರಲ್ಲಿ ಬಿಳಿರೆಕ್ಕೆಯ ಸ್ಕೋಟರನ್ನು ಮೂರು ಜಾತಿಗಳೆಂದು ಎಣಿಸಿತು. ಗಂಡುಗಳಲ್ಲಿ ಕೊಕ್ಕಿನ ಬುಡದ ಗುಬಟಿನ ಆಕಾರವೂ ಬಣ್ಣವೂ ಭೇದವನ್ನು ಸಾರುತ್ತವೆ: ನೈಗ್ರದ ಗುಬಟು ಕಪ್ಪು, ಅಮೆರಿಕದ್ದು ಹೊಂಬಣ್ಣ. ಹೆಣ್ಣುಗಳಾದರೋ ದುರ್ಬೀನಿಗೂ ಬಹುಮಟ್ಟಿಗೆ ಒಂದೇ.

ಜೀವಂತ ಲಕ್ಷಣದ ಬೆಲೆಯನ್ನು ಲ್ಯಾಬ್ರಡಾರ್ ಬಾತಿನ ಕಥೆಯು ತಿಳಿಸುತ್ತದೆ. ಉತ್ತರ ಅಮೆರಿಕದ ಪೂರ್ವತೀರದ ಈ ಕಡಲ ಬಾತಿನ ಕೊನೆಯ ನಿಶ್ಚಿತ ಮಾದರಿಯು 1875ರಲ್ಲಿ, ಎಂದರೆ ಕೌಸನ ಕೈಪಿಡಿಯು ಹೊರಟ ಮರುವರ್ಷ, ಲಾಂಗ್ ಐಲೆಂಡಿನಲ್ಲಿ ಗುಂಡಿಗೆ ಬಿದ್ದಿತು. ಈಗ ಉಳಿದಿರುವುದು ವಸ್ತುಸಂಗ್ರಹಾಲಯಗಳಲ್ಲಿರುವ ಸುಮಾರು 55 ಮಾದರಿಗಳು ಮಾತ್ರ. ಅವುಗಳಿಂದ ಕೊಕ್ಕಿನ ಅಳತೆಯನ್ನೂ ಗರಿಯ ಬಣ್ಣವನ್ನೂ ಹೇಳಬಹುದು. ಆ ಹಕ್ಕಿಯು ರೆಕ್ಕೆ ಬಡಿಯುವಾಗ ಕುತ್ತಿಗೆಯನ್ನು ಬಾಗಿಸುತ್ತಿದ್ದಿತೋ ಎತ್ತಿ ಹಿಡಿಯುತ್ತಿದ್ದಿತೋ ಎಂಬುದನ್ನು ಹೇಳಲಾಗದು. ಲಕ್ಷಣವು ಲಕ್ಷ್ಯವನ್ನು ಆಶ್ರಯಿಸಿರುವುದು. ಲಕ್ಷ್ಯವೇ ಅಳಿದ ಮೇಲೆ ಅದನ್ನು ತಿದ್ದಿ ಪೂರ್ಣಗೊಳಿಸುವ ಮಾರ್ಗವಿಲ್ಲ.