ಪೆಸಿಫಿಕ್ ತೀರದ ಕ್ರೀಡಾಸಂಘದ ಭಂಗ

ಗಣಗಳು ಹೇಗೆ ವೃದ್ಧಿಹೊಂದುವುವು, ಹೇಗೆ ಕೆಡುವುವು ಎಂದು ಧರ್ಮರಾಯನು ಕೇಳಿದ ಪ್ರಶ್ನೆಯೂ ಅದಕ್ಕೆ ಭೀಷ್ಮನು ಕೊಟ್ಟ ಉತ್ತರವೂ ಮಹಾಭಾರತದ ಶಾಂತಿಪರ್ವದಲ್ಲಿವೆ. ಗಣಕ್ಕೆ ಹೊರಗಿನಿಂದ ಬರುವ ಭಯವು ಅಲ್ಪವಾದುದು, ಒಳಗೆ ಹುಟ್ಟುವ ಭಯವೇ ದೊಡ್ಡದು. ಲೋಭದಿಂದ ಭೇದವೂ ಭೇದದಿಂದ ವಿನಾಶವೂ ಉಂಟಾಗುವುವೆಂಬುದು ಆ ಉತ್ತರದ ತಾತ್ಪರ್ಯ. ರಾಜ್ಯಗಳನ್ನು ಕುರಿತ ಈ ವಿಚಾರವು ವಿದ್ಯಾಶಾಲೆಗಳ ಆಟದ ಬಯಲಿಗೂ ಸಲ್ಲುವುದೆಂಬುದಕ್ಕೆ ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಪಶ್ಚಿಮ ತೀರದಲ್ಲಿ ಇತ್ತೀಚೆಗೆ ನಡೆದ ವೃತ್ತಾಂತವೊಂದು ತಕ್ಕ ನಿದರ್ಶನವಾಗಿದೆ. ನೂರು ವರ್ಷಗಳಿಗೂ ಮೀರಿದ ಚರಿತ್ರೆಯುಳ್ಳ ಸಂಘವೊಂದು ೨೦೨೩ನೆಯ ಇಸವಿಯಲ್ಲಿ ಕೆಲವೇ ವಾರಗಳೊಳಗೆ ಚದರಿಹೋಯಿತು. ಅದನ್ನು ಯಾವ ಶತ್ರುವೂ ಮುತ್ತಿರಲಿಲ್ಲ.

ಆ ದೇಶದಲ್ಲಿ ವಿಶ್ವವಿದ್ಯಾನಿಲಯಗಳ ಆಟವೆಂಬುದು ವಿದ್ಯಾರ್ಥಿಗಳ ವಿನೋದಮಾತ್ರವಲ್ಲ. ಅಲ್ಲಿಯ ಫುಟ್‌ಬಾಲ್ ಪಂದ್ಯಗಳಿಗೆ ಲಕ್ಷಾಂತರ ಜನ ನೆರೆಯುವರು. ದೂರದರ್ಶನದ ಕಂಪೆನಿಗಳು ಆ ಪಂದ್ಯಗಳನ್ನು ತೋರಿಸುವ ಹಕ್ಕಿಗಾಗಿ ಅಪಾರವಾದ ಹಣವನ್ನು ಕೊಡುವುವು. ನೆರೆಹೊರೆಯ ವಿಶ್ವವಿದ್ಯಾನಿಲಯಗಳು ಕೂಡಿ ಪರಸ್ಪರ ಪಂದ್ಯಗಳನ್ನು ನಡೆಯಿಸಲು ಮಾಡಿಕೊಂಡ ಕಟ್ಟಿಗೆ ‘ಕಾನ್ಫರೆನ್ಸ್’ ಎಂದು ಹೆಸರು. ಪ್ರತಿಯೊಂದು ವಿಶ್ವವಿದ್ಯಾನಿಲಯದ ಅಧ್ಯಕ್ಷನಿಗೂ ಅದರ ಮಂಡಲಿಯಲ್ಲಿ ಒಂದು ಮತವುಂಟು. ಮಂಡಲಿಯು ನೇಮಿಸಿದ ಕಮಿಷನರನು ವ್ಯವಹಾರವನ್ನು ನೋಡಿಕೊಳ್ಳುವನು. ಹಕ್ಕುಗಳ ಮಾರಾಟದಿಂದ ಬಂದ ಹಣವನ್ನು ಸದಸ್ಯರು ಹಂಚಿಕೊಳ್ಳುವರು.

ಪೆಸಿಫಿಕ್ ತೀರದ ಸಂಘವು ೧೯೧೫ನೆಯ ಇಸವಿ ಡಿಸೆಂಬರ್ ೨ನೆಯ ತಾರೀಖು ಆರೆಗನ್ ಪ್ರಾಂತದ ಪೋರ್ಟ್‌ಲೆಂಡ್ ನಗರದಲ್ಲಿ ಸ್ಥಾಪಿತವಾಯಿತು. ಕ್ಯಾಲಿಫೋರ್ನಿಯಾ, ವಾಷಿಂಗ್ಟನ್, ಆರೆಗನ್ ಎಂಬ ಮೂರು ವಿಶ್ವವಿದ್ಯಾನಿಲಯಗಳೂ ಆರೆಗನ್ ಕೃಷಿ ಕಾಲೇಜೂ ಅದರ ಮೂಲಪುರುಷರು. ಆ ಕೃಷಿ ಕಾಲೇಜೇ ಮುಂದೆ ಆರೆಗನ್ ಸ್ಟೇಟ್ ವಿಶ್ವವಿದ್ಯಾನಿಲಯವಾಯಿತು. ೧೯೧೭ರಲ್ಲಿ ವಾಷಿಂಗ್ಟನ್ ಸ್ಟೇಟ್, ೧೯೧೮ರಲ್ಲಿ ಸ್ಟ್ಯಾನ್‌ಫರ್ಡ್, ಅನಂತರ ಲಾಸ್ ಏಂಜಲೀಸ್ ನಗರದ ಎರಡು ವಿಶ್ವವಿದ್ಯಾನಿಲಯಗಳು ಹಾಗೂ ಮತ್ತೆ ಕೆಲವು ಬಂದು ಸೇರಿದುವು. ಪೂರ್ವದಿಕ್ಕಿನ ‘ಬಿಗ್ ಟೆನ್’ ಎಂಬ ಪ್ರಬಲ ಸಂಘದೊಡನೆ ೧೯೪೬ರಲ್ಲಿ ಒಡಂಬಡಿಕೆಯಾಗಿ, ಹೊಸ ವರ್ಷಾರಂಭದ ಸುಪ್ರಸಿದ್ಧ ರೋಸ್ ಬೌಲ್ ಪಂದ್ಯವು ಇವೆರಡರ ಪ್ರತಿನಿಧಿಗಳ ನಡುವೆ ನಡೆಯತೊಡಗಿತು. ಈ ಸ್ನೇಹವನ್ನು ವಾಚಕರು ನೆನಪಿನಲ್ಲಿಡಬೇಕು.

ಈ ಕಟ್ಟು ಮೊದಲ ಸಲ ಒಡೆದುದು ೧೯೫೯ರಲ್ಲಿ. ಆಟಗಾರರಿಗೆ ನಿಯಮಗಳನ್ನು ಮೀರಿ ಗುಪ್ತವಾಗಿ ಹಣವು ಸಂದಾಯವಾಗುತ್ತಿದ್ದುದು ೧೯೫೬ರ ಸುಮಾರಿನಲ್ಲಿ ಬಯಲಾಗಲು, ತಪ್ಪಿತಸ್ಥರಿಗೆ ಸಂಘವು ಶಿಕ್ಷೆ ವಿಧಿಸಿತು. ಶಿಕ್ಷೆಯಿಂದ ದೋಷವು ಪರಿಹಾರವಾಗುವ ಬದಲು ವೈಮನಸ್ಯವು ಬೆಳೆದು, ಕಡೆಗೆ ಸಂಘವೇ ವಿಸರ್ಜಿತವಾಯಿತು. ದೊಡ್ಡ ನಗರಗಳ ಐದು ವಿಶ್ವವಿದ್ಯಾನಿಲಯಗಳು ಅದೇ ವರ್ಷ ಹೊಸದೊಂದು ಸಂಘವನ್ನು ಕಟ್ಟಿಕೊಂಡುವು. ಹೊರಗುಳಿದುವು ಯಾವುವೆಂದರೆ ಆರೆಗನ್, ಆರೆಗನ್ ಸ್ಟೇಟ್, ವಾಷಿಂಗ್ಟನ್ ಸ್ಟೇಟ್ ಮತ್ತು ಐಡಹೊ. ವಾಷಿಂಗ್ಟನ್ ಸ್ಟೇಟಿಗೆ ೧೯೬೨ರಲ್ಲಿಯೂ ಆರೆಗನ್ನಿನ ಎರಡಕ್ಕೂ ೧೯೬೪ರಲ್ಲಿಯೂ ಬಾಗಿಲು ತೆರೆಯಿತು. ಐಡಹೊಗೆ ತೆರೆಯಲೇ ಇಲ್ಲ.

ಅಲ್ಲಿಂದ ಮುಂದೆ ಅರ್ಧ ಶತಮಾನವು ಕೀರ್ತಿಯ ಕಾಲ. ೧೯೭೮ರಲ್ಲಿ ಆರಿಜೋನದ ಎರಡು ವಿಶ್ವವಿದ್ಯಾನಿಲಯಗಳು ಸೇರಿ ಸದಸ್ಯರು ಹತ್ತಾದರು. ೨೦೧೧ರಲ್ಲಿ ಕೊಲರಾಡೊ, ಯೂಟಾಗಳು ಸೇರಿ ಹನ್ನೆರಡಾಗಿ, ಸಂಘಕ್ಕೆ ‘ಪ್ಯಾಕ್ ಟ್ವೆಲ್ವ್’ ಎಂಬ ಹೆಸರಾಯಿತು. ಎಲ್ಲ ಆಟಗಳನ್ನೂ ಕೂಡಿಸಿದರೆ ಇದರ ಸದಸ್ಯರು ಗಳಿಸಿದಷ್ಟು ರಾಷ್ಟ್ರೀಯ ಪ್ರಶಸ್ತಿಗಳನ್ನು ಬೇರಾವ ಸಂಘದವರೂ ಗಳಿಸಿರಲಿಲ್ಲ. ಅವುಗಳ ಸಂಖ್ಯೆ ೫೦೦ನ್ನು ಮೀರಿತ್ತು. ಆದಕಾರಣ ಸಾಮರ್ಥ್ಯದ ಕೊರತೆಯಿಂದ ಈ ಸಂಘವು ಅಳಿಯಿತೆಂದು ಹೇಳುವಂತಿಲ್ಲ.

ಲ್ಯಾರಿ ಸ್ಕಾಟ್ ಎಂಬಾತನು ೨೦೦೯ರಲ್ಲಿ ಕಮಿಷನರನಾದನು. ಅದಕ್ಕೆ ಮೊದಲು ಅವನು ಮಹಿಳೆಯರ ಟೆನಿಸ್ ಸಂಘದ ಮುಖ್ಯಾಧಿಕಾರಿಯಾಗಿದ್ದನು. ಅವನ ಆರಂಭವು ದೊಡ್ಡದಾಗಿಯೇ ಇದ್ದಿತು. ಇ.ಎಸ್.ಪಿ.ಎನ್. ಮತ್ತು ಫಾಕ್ಸ್ ಕಂಪೆನಿಗಳೊಡನೆ ಹನ್ನೆರಡು ವರ್ಷಗಳಿಗೆ ಸುಮಾರು ೩೦೦ ಕೋಟಿ ಡಾಲರಿನ ಒಪ್ಪಂದವು ೨೦೧೧ರಲ್ಲಿ ಅವನ ಕೈಯಿಂದಲೇ ಆಯಿತು. ಆದಾಯವನ್ನು ಹನ್ನೆರಡು ಸದಸ್ಯರೂ ಸಮನಾಗಿ ಹಂಚಿಕೊಳ್ಳುವ ಏರ್ಪಾಡೂ ಆ ಕಾಲದ್ದೇ. ಆದರೆ ಅವನ ಮತ್ತೊಂದು ಯೋಜನೆಯಲ್ಲಿ ಮುಂದಿನ ಕೇಡಿನ ಬೀಜವಿದ್ದಿತು. ಬಿಗ್ ಟೆನ್ ಸಂಘವು ೨೦೦೭ರಲ್ಲಿ ತನ್ನ ದೂರದರ್ಶನ ವಾಹಿನಿಯನ್ನು ತೆರೆದಾಗ ಫಾಕ್ಸ್ ಕಂಪೆನಿಯನ್ನು ಪಾಲುದಾರನನ್ನಾಗಿ ಮಾಡಿಕೊಂಡಿತ್ತು. ಸ್ಕಾಟನಾದರೋ ೨೦೧೨ರಲ್ಲಿ ಏಳು ವಾಹಿನಿಗಳನ್ನು ಯಾರ ಪಾಲೂ ಇಲ್ಲದೆ ಸಂಘದ ಸ್ವಂತ ಸ್ವತ್ತಾಗಿ ತೆರೆದನು. ಲಾಭವೆಲ್ಲವೂ ತಮಗೇ ಬರಲೆಂಬುದು ಅಪೇಕ್ಷೆ. ಆದರೆ ಪಾಲಿಲ್ಲದವನಿಗೆ ಅದರ ಏಳಿಗೆಯಲ್ಲಿ ಆಸ್ಥೆಯಾದರೂ ಏಕಿದ್ದೀತು? ಮನೆಮನೆಗೆ ವಾಹಿನಿಗಳನ್ನು ತಲಪಿಸುವ ದೊಡ್ಡ ಕಂಪೆನಿಗಳಲ್ಲೊಂದಾದ ಡೈರೆಕ್ಟ್ ಟಿವಿಯು ಅವನ್ನು ಕಡೆಯವರೆಗೂ ತೆಗೆದುಕೊಳ್ಳಲಿಲ್ಲ. ಸಂಘದ ಪಂದ್ಯಗಳು ದೇಶದ ಬಹುಭಾಗದ ಜನರ ಕಣ್ಣಿಗೆ ಬೀಳದೆಹೋದುವು.

ಆದಾಯವು ಪೂರ್ವದ ಸಂಘಗಳಿಗಿಂತ ಹಿಂದೆ ಬೀಳುತ್ತಿದ್ದರೂ ವೆಚ್ಚಕ್ಕೆ ಕಡಿವಾಣವಿರಲಿಲ್ಲ. ದುಬಾರಿ ಬಾಡಿಗೆಯ ಸ್ಯಾನ್‌ಫ್ರಾನ್ಸಿಸ್ಕೊ ನಗರದ ನಡುವೆ ಕಚೇರಿ. ಕಮಿಷನರನಿಗೆ ವರ್ಷಕ್ಕೆ ೫೦ ಲಕ್ಷ ಡಾಲರಿಗೂ ಮಿಕ್ಕ ಸಂಬಳ. ಕಂಪೆನಿಯೊಂದು ವಾಹಿನಿಗಳಿಗಾಗಿ ಹಲವು ವರ್ಷ ಕೊಟ್ಟ ಹಣವು ಸಲ್ಲಬೇಕಾದುದಕ್ಕಿಂತ ಸುಮಾರು ೫ ಕೋಟಿ ಡಾಲರಿನಷ್ಟು ಹೆಚ್ಚಾಗಿತ್ತೆಂದೂ, ಮೇಲಧಿಕಾರಿಗಳಿಬ್ಬರು ಅದನ್ನು ಅರಿತೂ ಮಂಡಲಿಗೆ ತಿಳಿಸಲಿಲ್ಲವೆಂದೂ ೨೦೨೩ರ ಜನವರಿಯಲ್ಲಿ ಹೊರಬಿದ್ದು, ಆ ಇಬ್ಬರೂ ಪದಚ್ಯುತರಾದರು. ಆ ವೇಳೆಗೆ ಸ್ಕಾಟನು ಅಧಿಕಾರದಲ್ಲಿರಲಿಲ್ಲ. ೨೦೨೧ರ ಜುಲೈಯಿಂದ ಅವನ ಸ್ಥಾನದಲ್ಲಿದ್ದವನು ಜಾರ್ಜ್ ಕ್ಲಿಯಾವ್‌ಕಾಫ್. ವಿನೋದಗೃಹಗಳ ಕಂಪೆನಿಯೊಂದರಿಂದ ಬಂದವನು.

ಹೊಸಬನು ಕುರ್ಚಿಯಲ್ಲಿ ಕುಳಿತ ತಿಂಗಳಲ್ಲಿಯೇ ಸಮಯವು ಬಂದೊದಗಿತು. ನಡುನಾಡಿನ ‘ಬಿಗ್ ಟ್ವೆಲ್ವ್’ ಸಂಘದ ಎರಡು ಆಧಾರಸ್ತಂಭಗಳಾಗಿದ್ದ ಟೆಕ್ಸಾಸ್ ಮತ್ತು ಒಕ್ಲಹೋಮ ವಿಶ್ವವಿದ್ಯಾನಿಲಯಗಳು ಅದನ್ನು ತೊರೆಯಲು ನಿಶ್ಚಯಿಸಿದುವು. ಉಳಿದ ಎಂಟು ಸದಸ್ಯರು ದಿಕ್ಕು ನೋಡುತ್ತಿದ್ದರು. ಅವರಲ್ಲಿ ಕೆಲವರನ್ನು ಸೇರಿಸಿಕೊಂಡಿದ್ದರೆ ಪೆಸಿಫಿಕ್ ಸಂಘಕ್ಕೆ ಬಲ ಬರುತ್ತಿದ್ದಿತು. ಮಂಡಲಿಯು ಆಗಸ್ಟಿನಲ್ಲಿ ವಿಸ್ತರಣವು ಬೇಡವೆಂದಿತು. ಅದೇ ವಾರ ಬಿಗ್ ಟೆನ್ ಮತ್ತು ಅಟ್ಲಾಂಟಿಕ್ ತೀರದ ಸಂಘಗಳೊಡನೆ ಒಂದು ಮೈತ್ರಿಯು ಘೋಷಿತವಾಯಿತು. ಅದಕ್ಕೆ ಬರಹದ ಕರಾರಿರಲಿಲ್ಲ. ಗೌರವಸ್ಥರ ಮಾತೇ ಸಾಕೆಂದು ಭಾವಿಸಲಾಯಿತು. ಹತ್ತು ತಿಂಗಳು ಕಳೆದು, ೨೦೨೨ರ ಜೂನ್ ೩೦ರಂದು ಲಾಸ್ ಏಂಜಲೀಸಿನ ಎರಡು ವಿಶ್ವವಿದ್ಯಾನಿಲಯಗಳು ತಾವು ೨೦೨೪ರಲ್ಲಿ ಬಿಗ್ ಟೆನ್ನಿಗೆ ಸೇರುವುದಾಗಿ ಪ್ರಕಟಿಸಿದುವು. ೧೯೪೬ರಿಂದ ಸ್ನೇಹಿತನಾಗಿದ್ದವನೇ ಮನೆಯ ಹಿರಿಯ ಮಕ್ಕಳಿಬ್ಬರನ್ನು ಕರೆದುಕೊಂಡು ಹೋದಂತಾಯಿತು.

ಉಳಿದವರು ಹತ್ತು. ಹನ್ನೆರಡು ವರ್ಷಗಳ ಹಳೆಯ ಒಪ್ಪಂದವು ೨೦೨೪ರಲ್ಲಿ ಮುಗಿಯುವುದರಲ್ಲಿತ್ತು. ಸದಸ್ಯರನ್ನು ಕಟ್ಟಿಹಾಕಿದ್ದ ಹಗ್ಗವೂ ಅದೇ ಆಗಿತ್ತು. ಹೀಗಿರುವಲ್ಲಿ ಮಾಡತಕ್ಕದ್ದು ಒಂದೇ: ದೊರೆತ ಬೆಲೆಗೆ ಒಪ್ಪಿ, ಹಗ್ಗವನ್ನು ಬೇಗನೆ ಹೊಸದಾಗಿ ಹೊಸೆಯುವುದು. ಇ.ಎಸ್.ಪಿ.ಎನ್. ಸದಸ್ಯರೊಬ್ಬರಿಗೆ ವರ್ಷಕ್ಕೆ ಸುಮಾರು ೩ ಕೋಟಿ ಡಾಲರು ಕೊಡಲು ಸಿದ್ಧವಾಗಿತ್ತೆಂದೂ, ಅಧ್ಯಕ್ಷರು ೫ ಕೋಟಿ ಕೇಳಿದರೆಂದೂ, ಮಾತು ಅಲ್ಲಿಗೇ ಮುರಿಯಿತೆಂದೂ ಪತ್ರಿಕೆಗಳು ವರದಿಮಾಡಿವೆ. ಎರಡು ಸ್ತಂಭಗಳನ್ನು ಕಳೆದುಕೊಂಡಿದ್ದ ಬಿಗ್ ಟ್ವೆಲ್ವ್ ಸಂಘವು ೨೦೨೨ರ ಅಕ್ಟೋಬರಿನಲ್ಲಿಯೇ ೩ ಕೋಟಿಗೆ ತುಸು ಮೇಲಾದ ಬೆಲೆಗೆ ಒಪ್ಪಂದವನ್ನು ಮುಗಿಸಿಕೊಂಡಿತು. ೨೦೨೩ರ ಜುಲೈ ೨೧ರಂದು, ತಡವಾದಷ್ಟೂ ಒಳ್ಳೆಯ ಅವಕಾಶಗಳು ಒದಗುತ್ತಿವೆಯೆಂಬ ಅರ್ಥದ ಮಾತನ್ನು ಕ್ಲಿಯಾವ್‌ಕಾಫನು ಬಹಿರಂಗವಾಗಿ ಆಡಿದನು. ಆರನೆಯ ದಿನ ಕೊಲರಾಡೊ ಹೊರಟುಹೋಯಿತು. ಆಗಸ್ಟ್ ಆರಂಭದಲ್ಲಿ ಅವನು ಮಂಡಲಿಯ ಮುಂದಿಟ್ಟುದು ಆಪಲ್ ಕಂಪೆನಿಯ ಒಂದು ಪ್ರಸ್ತಾಪ. ಅದರಲ್ಲಿ ನಿಶ್ಚಿತವಾದ ಹಣವು ಅಲ್ಪ, ಉಳಿದುದು ಚಂದಾದಾರರ ಸಂಖ್ಯೆಯನ್ನು ಅವಲಂಬಿಸಿದುದು. ಆಗಸ್ಟ್ ೪ರ ಶುಕ್ರವಾರ ಬೆಳಗ್ಗೆ ಉಳಿದವರು ಸಹಿ ಹಾಕುವರೆಂದು ನಿರೀಕ್ಷೆಯಿದ್ದಿತು. ಸಂಜೆಯೊಳಗೆ ವಾಷಿಂಗ್ಟನ್, ಆರೆಗನ್ ವಿಶ್ವವಿದ್ಯಾನಿಲಯಗಳು ಬಿಗ್ ಟೆನ್ನಿಗೂ, ಆರಿಜೋನ, ಆರಿಜೋನ ಸ್ಟೇಟ್, ಯೂಟಾಗಳು ಬಿಗ್ ಟ್ವೆಲ್ವಿಗೂ ಹೋಗಲು ನಿರ್ಧರಿಸಿದುವು. ಸೆಪ್ಟೆಂಬರ್ ೧ರಂದು ಪೆಸಿಫಿಕ್ ತೀರದ ಸ್ಟ್ಯಾನ್‌ಫರ್ಡೂ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯವೂ ಅಟ್ಲಾಂಟಿಕ್ ತೀರದ ಸಂಘದಲ್ಲಿ ಆಶ್ರಯ ಪಡೆದುವು. ೨೦೨೧ರಲ್ಲಿ ಬಾಗಿಲಲ್ಲಿ ನಿಂತವರನ್ನು ಒಳಗೆ ಕರೆಯದವರ ಪೈಕಿ ನಾಲ್ವರು ಕಡೆಗೆ ಆ ನಿಂತವರ ಮನೆಯಲ್ಲಿಯೇ ಬೀಡುಬಿಟ್ಟರು.

ಹಿಂದುಳಿದವರು ಇಬ್ಬರೇ: ಕೊರ್ವಾಲಿಸ್ ಎಂಬ ಸಣ್ಣ ಊರಿನ ಆರೆಗನ್ ಸ್ಟೇಟ್, ಪುಲ್ಮನ್ ಎಂಬ ಸಣ್ಣ ಊರಿನ ವಾಷಿಂಗ್ಟನ್ ಸ್ಟೇಟ್. ೧೯೫೯ರಲ್ಲಿ ಹೊರಗೆ ನಿಂತವರಲ್ಲಿಯೂ ಇವರಿಬ್ಬರಿದ್ದರೆಂಬುದನ್ನು ಗಮನಿಸಬೇಕು. ಅರುವತ್ತನಾಲ್ಕು ವರ್ಷಗಳಲ್ಲಿ ಪ್ರಶಸ್ತಿಗಳು ಬಂದುವು, ಹಣವು ಬಂದಿತು, ಸದಸ್ಯರು ಹೆಚ್ಚಿದರು. ಆದರೆ ಬಲಿಷ್ಠರು ಎದ್ದು ಹೊರಟರೆ ದುರ್ಬಲರ ಗತಿಯೇನೆಂಬ ಪ್ರಶ್ನೆಗೆ ಉತ್ತರವು ಮಾತ್ರ ದೊರೆಯಲಿಲ್ಲ. ಹಳೆಯ ಸೀಳು ಇದ್ದಲ್ಲಿಯೇ ಇದ್ದಿತು. ಗೋಡೆಗೆ ಸುಣ್ಣ ಬಳಿದಿದ್ದರು, ಅಷ್ಟೆ.

ಇದಕ್ಕೆ ನಾಯಕರನ್ನು ದೂರುವುದು ಯುಕ್ತವೆ? ಪೂರ್ವದ ಸಂಘಗಳ ಹಣಬಲದ ಮುಂದೆ ಯಾರಿದ್ದರೂ ಸೋಲುತ್ತಿದ್ದರೆಂದು ಹೇಳುವವರುಂಟು. ಪಶ್ಚಿಮದ ಪಂದ್ಯಗಳು ಮುಗಿಯುವ ವೇಳೆಗೆ ಪೂರ್ವದ ಜನ ಮಲಗಿರುವರು. ಫುಟ್‌ಬಾಲಿನ ಹುಚ್ಚೂ ಪಶ್ಚಿಮದಲ್ಲಿ ಅಷ್ಟಿಲ್ಲ. ಇದು ನಿಜವೇ. ಆದರೆ ಅದೇ ಬಿರುಗಾಳಿಗೆ ಸಿಕ್ಕಿದ ಬಿಗ್ ಟ್ವೆಲ್ವ್ ಸಂಘವು ಇದಕ್ಕಿಂತ ಮೊದಲೇ ಗಾಯಗೊಂಡಿದ್ದಿತು, ಅದು ಬದುಕಿತು. ತನ್ನ ಬೆಲೆ ಕಡಮೆಯಾಯಿತೆಂಬುದನ್ನು ಅದು ಒಪ್ಪಿಕೊಂಡಿತು. ಪೆಸಿಫಿಕ್ ಸಂಘವು ಒಪ್ಪಿಕೊಳ್ಳಲಿಲ್ಲ. ದೋಷವು ಕಮಿಷನರರದು ಮಾತ್ರವೂ ಅಲ್ಲ. ಅವರನ್ನು ಆರಿಸಿದವರು, ಅವರ ಸಂಬಳವನ್ನು ಮಂಜೂರುಮಾಡಿದವರು, ವಿಸ್ತರಣವನ್ನು ತಳ್ಳಿಹಾಕಿದವರು, ಎಲ್ಲರೂ ವಿಶ್ವವಿದ್ಯಾನಿಲಯಗಳ ಅಧ್ಯಕ್ಷರೇ. ಪ್ರತಿಯೊಬ್ಬನೂ ತನ್ನ ಸಂಸ್ಥೆಗೆ ನಿಷ್ಠನಾಗಿದ್ದನು. ಸಂಘಕ್ಕೆ ನಿಷ್ಠನಾದವನೊಬ್ಬನೂ ಆ ಮಂಡಲಿಯಲ್ಲಿ ಇಲ್ಲದೆಹೋದನು.

ಇದರ ಫಲವನ್ನು ಉಣ್ಣುವವರು ವಿದ್ಯಾರ್ಥಿಗಳು. ಲಾಸ್ ಏಂಜಲೀಸಿನ ವಾಲಿಬಾಲ್ ಆಡುವ ಹುಡುಗಿಯು ಸಂಘದ ಪಂದ್ಯಕ್ಕಾಗಿ ಸುಮಾರು ೨,೪೦೦ ಮೈಲಿ ದೂರದ ನ್ಯೂಜೆರ್ಸಿಯವರೆಗೆ ಹೋಗಿ, ಮರಳಿ ಬಂದು ಪಾಠಕ್ಕೆ ಕುಳಿತುಕೊಳ್ಳಬೇಕು. ಫುಟ್‌ಬಾಲಿನ ಹಣಕ್ಕಾಗಿ ಆದ ವ್ಯಾಪಾರದಲ್ಲಿ ಅವಳ ಅಭಿಪ್ರಾಯವನ್ನು ಕೇಳಿದವರಿಲ್ಲ.

ಉಳಿದ ಇಬ್ಬರು ನ್ಯಾಯಸ್ಥಾನದ ಮೊರೆಹೊಕ್ಕರು. ಸಂಘವನ್ನು ಬಿಡುವೆನೆಂದವನಿಗೆ ಮಂಡಲಿಯಲ್ಲಿ ಸ್ಥಾನವಿಲ್ಲವೆಂಬ ನಿಯಮವನ್ನು ಲಾಸ್ ಏಂಜಲೀಸಿನವರು ಹೊರಟಾಗ ಎಲ್ಲರೂ ಕೂಡಿಯೇ ಅನುಸರಿಸಿದ್ದರು. ಅದೇ ನಿಯಮವು ಈಗ ಹೊರಟವರೆಲ್ಲರಿಗೂ ಸಲ್ಲುವುದೆಂದು ಇವರ ವಾದ. ೨೦೨೩ರ ನವೆಂಬರಿನಲ್ಲಿ ವಾಷಿಂಗ್ಟನ್ ಪ್ರಾಂತದ ನ್ಯಾಯಾಧೀಶನು ಇವರ ಪಕ್ಷವನ್ನು ಎತ್ತಿಹಿಡಿದನು. ಕ್ಲಿಯಾವ್‌ಕಾಫನು ೨೦೨೪ರ ಆರಂಭದಲ್ಲಿ ನಿರ್ಗಮಿಸಿದನು. ಟೆರೇಸಾ ಗೌಲ್ಡ್ ಎಂಬ ಮಹಿಳೆಯು ಅಧಿಕಾರವನ್ನು ವಹಿಸಿಕೊಂಡಳು. ಆ ವರ್ಷವೇ ಬಾಯ್ಸಿ ಸ್ಟೇಟ್, ಕೊಲರಾಡೊ ಸ್ಟೇಟ್, ಫ್ರೆಸ್ನೊ ಸ್ಟೇಟ್, ಸ್ಯಾನ್ ಡಿಯೇಗೊ ಸ್ಟೇಟ್, ಯೂಟಾ ಸ್ಟೇಟ್ ವಿಶ್ವವಿದ್ಯಾನಿಲಯಗಳು ೨೦೨೬ರಿಂದ ಸೇರಲು ಒಪ್ಪಿಕೊಂಡುವು. ಹೀಗೆ ೧೯೧೫ರ ಸಂಘದ ಹೆಸರನ್ನೂ ಲೆಕ್ಕದ ಪುಸ್ತಕಗಳನ್ನೂ ಉಳಿಸಿಕೊಂಡವರು, ಎರಡು ಸಲವೂ ಯಾರಿಗೂ ಬೇಡವಾಗಿದ್ದ ಆ ಇಬ್ಬರೇ. ಬಿಟ್ಟುಹೋಗಲು ಬೇರೆ ಮನೆಯಿಲ್ಲದವರಿಗೆ ತಮ್ಮ ಮನೆಯ ಬೆಲೆಯು ಉಳಿದವರಿಗಿಂತ ಚೆನ್ನಾಗಿ ತಿಳಿದಿದ್ದಿತು.