ಟೋಪಿಯ ಗೌರವ, ಕರಡಿಯ ಪ್ರಾಣ

ಸೈನಿಕನ ಸಮವಸ್ತ್ರವು ಕೇವಲ ಮೈ ಮುಚ್ಚುವ ಬಟ್ಟೆಯಲ್ಲ. ಅವನ ಪಡೆಯ ಚರಿತ್ರೆ, ಅದು ಗೆದ್ದ ಯುದ್ಧಗಳು, ಮಡಿದ ಹಿರಿಯರ ನೆನಪು ಇವೆಲ್ಲವೂ ಆ ಉಡುಪಿನಲ್ಲಿ ಅಡಕವಾಗಿರುತ್ತವೆ. ಆದ್ದರಿಂದಲೇ ಒಂದು ಗುಂಡಿಯನ್ನು ಅಥವಾ ಒಂದು ಪಟ್ಟಿಯನ್ನು ಬದಲಿಸುವುದಕ್ಕೂ ಸೇನೆಗಳು ಹಿಂಜರಿಯುತ್ತವೆ. ಈ ಹಿಂಜರಿಕೆಯಲ್ಲಿ ತಪ್ಪೇನೂ ಇಲ್ಲ. ಆದರೆ ಆ ಉಡುಪಿನ ಒಂದು ಭಾಗಕ್ಕಾಗಿ ನಿರಪರಾಧಿ ಪ್ರಾಣಿಯೊಂದು ಜೀವ ತೆರಬೇಕಾಗಿ ಬಂದಾಗ, ಪರಂಪರೆ ಎಂಬ ಒಂದೇ ಮಾತು ಸಾಕಾದ ಸಮಾಧಾನವೇ ಎಂಬ ಪ್ರಶ್ನೆ ಏಳುತ್ತದೆ. ಬ್ರಿಟನ್ನಿನ ರಾಜರಕ್ಷಕ ಪಡೆಗಳು ಧರಿಸುವ ಕರಡಿ ತುಪ್ಪಳದ ಟೋಪಿಯ ಚರಿತ್ರೆಯು ಈ ಪ್ರಶ್ನೆಯನ್ನು ಪರಿಶೀಲಿಸಲು ಉತ್ತಮ ನಿದರ್ಶನವಾಗಿದೆ.

ಲಂಡನ್ನಿನ ಬಕಿಂಗ್‌ಹ್ಯಾಮ್ ಅರಮನೆಯ ಮುಂದೆ ಕೆಂಪು ಅಂಗಿ ತೊಟ್ಟು, ತಲೆಯ ಮೇಲೆ ಎತ್ತರವಾದ ಕಪ್ಪು ಟೋಪಿ ಧರಿಸಿ ಅಲುಗಾಡದೆ ನಿಲ್ಲುವ ಕಾವಲುಗಾರರ ಚಿತ್ರವನ್ನು ನೋಡದವರು ವಿರಳ. ಗ್ರೆನೇಡಿಯರ್, ಕೋಲ್ಡ್‌ಸ್ಟ್ರೀಮ್, ಸ್ಕಾಟ್ಸ್, ಐರಿಷ್ ಮತ್ತು ವೆಲ್ಷ್ ಎಂಬ ಐದು ಗಾರ್ಡ್ಸ್ ಪಡೆಗಳ ಯೋಧರು ಇವರು. ಸುಮಾರು 18 ಅಂಗುಲ ಎತ್ತರದ ಆ ಟೋಪಿಯು ಕೆನಡಾದ ಕಾಡುಗಳಲ್ಲಿ ವಾಸಿಸುವ ಕಪ್ಪು ಕರಡಿಯ ಚರ್ಮದಿಂದ ತಯಾರಾಗುತ್ತದೆ.

ಕೈಬಾಂಬಿನಿಂದ ಹುಟ್ಟಿದ ಟೋಪಿ

ಹದಿನೇಳನೆಯ ಶತಮಾನದಲ್ಲಿ ಯೂರೋಪಿನ ಸೇನೆಗಳಲ್ಲಿ ಕೈಬಾಂಬುಗಳನ್ನು ಎಸೆಯುವ ವಿಶೇಷ ಯೋಧರಿದ್ದರು. ಗ್ರೆನೇಡ್ ಎಸೆಯುವವರಾದ್ದರಿಂದ ಅವರಿಗೆ ಗ್ರೆನೇಡಿಯರ್ ಎಂಬ ಹೆಸರು ಬಂದಿತು. ಆ ಕಾಲದ ಸಾಮಾನ್ಯ ಸೈನಿಕರ ಟೋಪಿಗೆ ಅಗಲವಾದ ಅಂಚಿತ್ತು. ಬಾಂಬು ಎಸೆಯಲು ಕೈ ಬೀಸಿದಾಗ ಆ ಅಂಚು ಅಡ್ಡವಾಗುತ್ತಿತ್ತು. ಆದ್ದರಿಂದ ಇವರಿಗೆ ಅಂಚಿಲ್ಲದ ಟೋಪಿಯನ್ನು ಕೊಡಲಾಯಿತು. 1678ರಲ್ಲಿ ಲಂಡನ್ ಸಮೀಪದ ಹೌನ್ಸ್ಲೊ ಮೈದಾನದಲ್ಲಿ ಈ ಹೊಸ ಬಗೆಯ ಯೋಧರನ್ನು ಕಂಡ ಜಾನ್ ಈವ್ಲಿನ್, ತುಪ್ಪಳದ ಟೋಪಿಯು ಅವರಿಗೆ ಉಗ್ರವಾದ ರೂಪವನ್ನು ಕೊಟ್ಟಿತ್ತೆಂದು ತಮ್ಮ ದಿನಚರಿಯಲ್ಲಿ ದಾಖಲಿಸಿದ್ದಾರೆ. ಹೀಗೆ ಅನುಕೂಲಕ್ಕಾಗಿ ಹುಟ್ಟಿದ ಟೋಪಿಗೆ ಶತ್ರುವನ್ನು ಹೆದರಿಸುವ ಎರಡನೆಯ ಪ್ರಯೋಜನವೂ ಸೇರಿಕೊಂಡಿತು. ಟೋಪಿ ಎತ್ತರವಾದಷ್ಟೂ ಯೋಧನು ಎತ್ತರವಾಗಿ ಕಾಣುವನಷ್ಟೆ.

ಹದಿನೆಂಟನೆಯ ಶತಮಾನದ ಮಧ್ಯಭಾಗದ ವೇಳೆಗೆ ಬಯಲು ಯುದ್ಧದಲ್ಲಿ ಕೈಬಾಂಬಿನ ಬಳಕೆ ಬಹುಮಟ್ಟಿಗೆ ನಿಂತಿತು. ಬಾಂಬು ಹೋದರೂ ಹೆಸರು ಉಳಿಯಿತು. ಹೆಸರಿನೊಡನೆ ಟೋಪಿಯೂ ಉಳಿಯಿತು. 1768ರ ರಾಜಾಜ್ಞೆಯು ಬ್ರಿಟಿಷ್ ಸೇನೆಯ ಗ್ರೆನೇಡಿಯರ್ ತುಕಡಿಗಳಿಗೆ ಕರಡಿ ತುಪ್ಪಳದ ಟೋಪಿಯನ್ನೇ ವಿಧಿಸಿತು. ಮೂಲ ಕಾರಣವು ಮರೆಯಾಗುತ್ತಿದ್ದ ಕಾಲದಲ್ಲಿಯೇ ಆ ವಸ್ತುವಿಗೆ ಕಾಯಿದೆಯ ಮುದ್ರೆ ಬಿದ್ದಿತೆಂಬುದು ಗಮನಾರ್ಹ.

ವಾಟರ್‌ಲೂ ತಂದ ಗೌರವ

1815ರ ಜೂನ್ 18ರಂದು ವಾಟರ್‌ಲೂ ರಣರಂಗದಲ್ಲಿ ನೆಪೋಲಿಯನ್ನನು ತನ್ನ ಸಾಮ್ರಾಜ್ಯ ರಕ್ಷಕ ಪಡೆಯನ್ನು ಕೊನೆಯ ಆಕ್ರಮಣಕ್ಕೆ ಕಳುಹಿಸಿದನು. ಆ ಪಡೆಯ ಗ್ರೆನೇಡಿಯರುಗಳ ಕರಡಿ ಟೋಪಿಯು ಯೂರೋಪಿನಾದ್ಯಂತ ಪ್ರಸಿದ್ಧವಾಗಿತ್ತು. ಬ್ರಿಟನ್ನಿನ ಮೊದಲನೆಯ ಗಾರ್ಡ್ಸ್ ಪಡೆಯು ಆ ಆಕ್ರಮಣವನ್ನು ಹಿಮ್ಮೆಟ್ಟಿಸಿತು. ಫ್ರೆಂಚ್ ಗ್ರೆನೇಡಿಯರುಗಳನ್ನು ಸೋಲಿಸಿದ ಸ್ಮರಣಾರ್ಥವಾಗಿ ಮರುತಿಂಗಳೇ ಆ ಪಡೆಗೆ ಗ್ರೆನೇಡಿಯರ್ ಗಾರ್ಡ್ಸ್ ಎಂಬ ಬಿರುದು ದೊರೆಯಿತು. ಕರಡಿ ಟೋಪಿಯು ಇಡೀ ಪಡೆಯ ಹಕ್ಕಾಯಿತು. 1831ರಲ್ಲಿ ಉಳಿದ ಗಾರ್ಡ್ಸ್ ಪಡೆಗಳಿಗೂ ಅದು ವಿಸ್ತರಿಸಿತು.

ಇಲ್ಲಿ ಒಂದು ಸ್ವಾರಸ್ಯವಿದೆ. ಅಂದು ಆ ಪಡೆಯ ಎದುರಿಗೆ ಬಂದವರು ಗ್ರೆನೇಡಿಯರುಗಳಲ್ಲ, ಅದೇ ರಕ್ಷಕ ಪಡೆಯ ಷಸರುಗಳೆಂಬ ಬೇರೊಂದು ವಿಭಾಗದ ಯೋಧರೆಂದು ಇತಿಹಾಸಕಾರರಲ್ಲಿ ಬಹುಮಂದಿ ನಿರ್ಣಯಿಸಿದ್ದಾರೆ. ಇದರಿಂದ ಆ ಪಡೆಯ ಶೌರ್ಯಕ್ಕೆ ಕಿಂಚಿತ್ತೂ ಕುಂದಿಲ್ಲ. ಗೌರವವು ಸಂದದ್ದು ಧೃತಿಗೆಡದೆ ನಿಂತ ಮನುಷ್ಯರಿಗೆ; ಎದುರಾಳಿಯ ತಲೆಯ ಮೇಲೆ ಏನಿತ್ತೆಂಬುದಕ್ಕಲ್ಲ.

1854ರ ಸೆಪ್ಟೆಂಬರ್ 20ರಂದು ಕ್ರೈಮಿಯಾದ ಆಲ್ಮಾ ನದಿಯ ದಂಡೆಯಲ್ಲಿ ಗಾರ್ಡ್ಸ್ ಪಡೆಗಳು ಈ ಟೋಪಿಯನ್ನು ಧರಿಸಿಯೇ ಹೋರಾಡಿದವು. ಆದರೆ ದೂರದಿಂದ ಗುರಿಯಿಡುವ ಬಂದೂಕುಗಳು ಬಂದ ಮೇಲೆ ಎತ್ತರವಾಗಿ ಕಾಣುವುದು ಲಾಭವಾಗದೆ ಅಪಾಯವಾಯಿತು. ಶತಮಾನದ ಅಂತ್ಯದ ಬೋಯರ್ ಯುದ್ಧದ ವೇಳೆಗೆ ಖಾಕಿ ಬಂದಿತು. 1915ರಲ್ಲಿ ಉಕ್ಕಿನ ಶಿರಸ್ತ್ರಾಣವೂ ಬಂದಿತು. ಐರಿಷ್ ಗಾರ್ಡ್ಸ್ ಸ್ಥಾಪನೆಯಾದುದು 1900ರಲ್ಲಿ, ವೆಲ್ಷ್ ಗಾರ್ಡ್ಸ್ 1915ರಲ್ಲಿ. ಅಂದರೆ ಈ ಟೋಪಿಯನ್ನು ಇಂದು ಧರಿಸುವ ಐದು ಪಡೆಗಳಲ್ಲಿ ಎರಡು ಪಡೆಗಳು ಅದನ್ನು ಧರಿಸಿ ಎಂದೂ ಯುದ್ಧ ಮಾಡಿದವಲ್ಲ. ಬಾಂಬೆಸೆಯುವ ಅನುಕೂಲ, ಶತ್ರುವನ್ನು ಹೆದರಿಸುವ ಉಪಾಯ, ರಣರಂಗದ ಉಡುಪು ಎಂಬ ಮೂರು ಕಾರಣಗಳೂ ಒಂದೊಂದಾಗಿ ಕಳಚಿಬಿದ್ದು, ಕೊನೆಗೆ ಉಳಿದದ್ದು ನೋಟದ ಗಾಂಭೀರ್ಯವೊಂದೇ.

ಆಕ್ಷೇಪಣೆಗಳ ಚರಿತ್ರೆ

ಈ ಪದ್ಧತಿಯ ಬಗೆಗಿನ ಆಕ್ಷೇಪಣೆಯು ಇತ್ತೀಚಿನದೆಂದು ಭಾವಿಸುವುದು ಸರಿಯಲ್ಲ. 1888ರ ಆಗಸ್ಟ್‌ನಲ್ಲಿಯೇ ದಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯು, ಕರಡಿ ಚರ್ಮದ ಅಭಾವದಿಂದ ಈ ಟೋಪಿಯು ಮರೆಯಾಗಬಹುದೆಂದು ಬರೆದಿತ್ತು. ಆಗ ಟೋಪಿಯೊಂದರ ಬೆಲೆ 7 ಪೌಂಡ್ 5 ಷಿಲಿಂಗ್. ಪ್ರದರ್ಶನದ ಹೊರತು ಬೇರೆ ಉಪಯೋಗವಿಲ್ಲದ ಪದ್ಧತಿಗೆ ಇಷ್ಟು ವೆಚ್ಚವೇಕೆಂಬುದು ಆ ವರದಿಯ ಧಾಟಿ. ಅಂದಿನ ಆಕ್ಷೇಪಣೆ ಹಣದ್ದು. ಪ್ರಾಣಿಯ ನೋವಿನ ಪ್ರಶ್ನೆ ಮುಂಚೂಣಿಗೆ ಬಂದದ್ದು ಅನಂತರ.

1997ರಲ್ಲಿ ರಕ್ಷಣಾ ಖರೀದಿಯ ಸಚಿವರಾಗಿದ್ದ ಲಾರ್ಡ್ ಗಿಲ್ಬರ್ಟ್ ಅವರು ಈ ಟೋಪಿಗಳನ್ನು ಆದಷ್ಟು ಬೇಗನೆ ಕೈಬಿಡುವುದು ಲೇಸೆಂದು ಅಭಿಪ್ರಾಯಪಟ್ಟರು. 2005ರಲ್ಲಿ ಸಂಸತ್ ಸದಸ್ಯ ಕ್ರಿಸ್ ಮುಲಿನ್ ಅವರು ಇವುಗಳ ನಿಷೇಧವನ್ನೇ ಕೇಳಿದರು. ಅದೇ ವರ್ಷ ಕೃತಕ ತುಪ್ಪಳದ ಪರೀಕ್ಷೆಗಳನ್ನೂ ಕೈಗೊಳ್ಳಲಾಯಿತು. ಮುಂದೆ ಫ್ರಾನ್ಸಿನ ಇಕೋಪೆಲ್ ಎಂಬ ಕಂಪನಿಯು ಪ್ರಾಣಿದಯಾ ಸಂಸ್ಥೆಯಾದ ಪೇಟಾದ ಸಹಯೋಗದಲ್ಲಿ ಹೊಸದೊಂದು ಕೃತಕ ತುಪ್ಪಳವನ್ನು ಸಿದ್ಧಪಡಿಸಿ, 2030ರವರೆಗೆ ಅದನ್ನು ಸೇನೆಗೆ ಉಚಿತವಾಗಿ ಒದಗಿಸಲು ಮುಂದೆ ಬಂದಿತು. ಒಂದು ಲಕ್ಷಕ್ಕೂ ಅಧಿಕ ಜನರು ಸಹಿ ಮಾಡಿದ ಮನವಿಯ ಮೇಲೆ 2022ರ ಜುಲೈ ತಿಂಗಳಲ್ಲಿ ಸಂಸತ್ತಿನಲ್ಲಿ ಚರ್ಚೆಯೂ ನಡೆಯಿತು.

ರಕ್ಷಣಾ ಸಚಿವಾಲಯದ ಉತ್ತರವನ್ನೂ ನ್ಯಾಯವಾಗಿ ಕೇಳಬೇಕು. ಗಾರ್ಡ್ಸ್ ಯೋಧರು ಮಳೆ ಗಾಳಿಯಲ್ಲಿ ಗಂಟೆಗಟ್ಟಲೆ ನಿಲ್ಲಬೇಕಾಗುತ್ತದೆ. ಕರಡಿಯ ಕೂದಲು ನೀರನ್ನು ಜಾರಿಸುತ್ತದೆ, ಆಕಾರ ಕೆಡಿಸಿಕೊಳ್ಳುವುದಿಲ್ಲ. ಸರಿಯಾಗಿ ಕಾಪಾಡಿದರೆ ಒಂದು ಟೋಪಿಯು ದಶಕಗಳ ಕಾಲ ಬಾಳಿ ಒಬ್ಬ ಯೋಧನಿಂದ ಮತ್ತೊಬ್ಬನಿಗೆ ಹೋಗುತ್ತದೆ. ಹೊಸ ಕೃತಕ ತುಪ್ಪಳವು ಐದು ಅಗತ್ಯಗಳಲ್ಲಿ ಒಂದನ್ನು ಮಾತ್ರ ಪೂರೈಸಿತೆಂದು ಸಚಿವಾಲಯವು ಹೇಳಿತು. ಪೇಟಾ ಇದನ್ನು ಒಪ್ಪಲಿಲ್ಲ. ಕೃತಕ ತುಪ್ಪಳವು ಪೆಟ್ರೋಲಿಯಂ ಮೂಲದ ನೂಲಿನಿಂದಾಗುವುದರಿಂದ ಅದೂ ಪರಿಸರಕ್ಕೆ ನಿರಪಾಯಕಾರಿಯಲ್ಲ ಎಂಬ ವಾದದಲ್ಲಿಯೂ ಹುರುಳಿದೆ. ಇನ್ನೊಂದು ಕಡೆ ಬೇಟೆಯನ್ನೇ ನಂಬಿ ಬದುಕುವ ಜನರ ಪ್ರಶ್ನೆಯಿದೆ. 2014ರಲ್ಲಿ ಕೆನಡಾದ ಅಶ್ವಾರೋಹಿ ಪೊಲೀಸ್ ಪಡೆಯು ಮಸ್ಕ್‌ರ‍್ಯಾಟ್ ಎಂಬ ನೀರಿಲಿಯ ತುಪ್ಪಳದ ಟೋಪಿಯನ್ನು ಬಹುಮಟ್ಟಿಗೆ ಬಿಡಲು ನಿರ್ಧರಿಸಿದಾಗ, ಬೇಟೆಗಾರರ ಜೀವನೋಪಾಯದ ಹೆಸರಿನಲ್ಲಿ ಅಲ್ಲಿನ ಸರ್ಕಾರವೇ ಆ ನಿರ್ಧಾರವನ್ನು ರದ್ದುಗೊಳಿಸಿತು. ಈ ಮಾತುಗಳನ್ನು ತಳ್ಳಿಹಾಕಿ ಮಾಡಿದ ಧರ್ಮವಿಚಾರವು ಪೂರ್ಣವಾಗಲಾರದು.

ಹರಾಜಿನ ಸರಪಳಿ

ಸಚಿವಾಲಯದ ಮುಖ್ಯ ಸಮರ್ಥನೆಯು ಬೇರೊಂದಿದೆ. ಕರಡಿಗಳನ್ನು ಕೊಲ್ಲುವುದು ಟೋಪಿಗಾಗಿ ಅಲ್ಲ. ಕೆನಡಾದಲ್ಲಿ ಪರವಾನಗಿಯ ಮೇರೆಗೆ ಕೊಂದ ಕರಡಿಗಳ ಚರ್ಮವನ್ನು ಮಾತ್ರ ಕೊಳ್ಳಲಾಗುತ್ತದೆ. ಬೇಡಿಕೆ ಸಲ್ಲಿಸಿ ಕೊಲ್ಲಿಸುವುದಿಲ್ಲ ಎಂಬುದು ಅದರ ಸಾರ. ಕಪ್ಪು ಕರಡಿಯು ಅಳಿವಿನ ಅಂಚಿನಲ್ಲಿರುವ ಪ್ರಾಣಿಯಲ್ಲ ಎಂಬುದೂ ನಿಜ. ಆದರೆ ವ್ಯಾಪಾರದ ರೀತಿಯನ್ನು ಬಲ್ಲವರಿಗೆ ಈ ಸಮರ್ಥನೆಯು ಪೂರ್ತಿ ಒಪ್ಪಿಗೆಯಾಗುವುದು ಕಷ್ಟ. ಬೇಟೆಗಾರನು ಚರ್ಮವನ್ನು ಮಾರುತ್ತಾನೆ, ಹರಾಜಿನ ಮನೆಯು ಬೆಲೆಯನ್ನು ಕಟ್ಟುತ್ತದೆ, ಟೋಪಿ ತಯಾರಕನು ಕೊಳ್ಳುತ್ತಾನೆ, ಸಚಿವಾಲಯವು ಹಣವನ್ನು ತೆರುತ್ತದೆ. ತಪ್ಪದೆ ಬರುವ ಕೊಳ್ಳುಗನಿದ್ದಾನೆಂಬ ಭರವಸೆಯು ಮಾರುಕಟ್ಟೆಯಲ್ಲಿ ಮೌನವಾದ ಬೇಡಿಕೆಯೇ ಸರಿ. 2022ರಲ್ಲಿ 1,560 ಪೌಂಡ್ ಇದ್ದ ಟೋಪಿಯ ಬೆಲೆಯು 2023ರಲ್ಲಿ 2,040 ಪೌಂಡಿಗೆ ಏರಿತು. ಇಷ್ಟು ಬೆಲೆಯ ವಸ್ತುವಿನ ಮೂಲದ್ರವ್ಯವನ್ನು ಯಾರೂ ಬಯಸದೆ ಬಿದ್ದಿದ್ದ ಉಳಿಕೆಯೆಂದು ಕರೆಯುವುದು ಹೇಗೆ?

ಆ ಚರ್ಮದ ಹಿಂದಿನ ಜೀವವನ್ನೂ ನೆನೆಯಬೇಕು. ತಾಯಿಕರಡಿಯು ನಡುಚಳಿಗಾಲದಲ್ಲಿ ಗುಹೆಯೊಳಗೆ ಮರಿ ಹಾಕುತ್ತದೆ. ಮರಿಗಳು ಸುಮಾರು ಒಂದೂವರೆ ವರ್ಷ ತಾಯಿಯ ಜೊತೆಯಲ್ಲಿಯೇ ಬೆಳೆಯುತ್ತವೆ. ವಸಂತಕಾಲದಲ್ಲಿ ಹಸಿದು ಹೊರಬಂದ ಕರಡಿಯನ್ನು ಆಹಾರದ ಆಮಿಷವೊಡ್ಡಿ ಕೊಲ್ಲುವ ಕ್ರಮವು ಕೆನಡಾದ ಕೆಲವು ಪ್ರಾಂತಗಳಲ್ಲಿದೆ. ದೂರದಿಂದ ಗುರಿಯಿಡುವವನಿಗೆ ಗಂಡು ಹೆಣ್ಣಿನ ಭೇದ ಸುಲಭವಾಗಿ ತಿಳಿಯದು. ತಬ್ಬಲಿಯಾಗುವ ಮರಿಗಳ ಕಾರಣದಿಂದಲೇ ಒಂಟಾರಿಯೊ ಪ್ರಾಂತವು 1999ರಲ್ಲಿ ವಸಂತಕಾಲದ ಬೇಟೆಯನ್ನು ನಿಲ್ಲಿಸಿತು. 2014ರಲ್ಲಿ ಅದನ್ನು ಪ್ರಾಯೋಗಿಕವಾಗಿ ಮತ್ತೆ ಆರಂಭಿಸಿತು.

ಈ ಸರಪಳಿಯ ಪ್ರಶ್ನೆಯು ಜೈನ ಶಾಸ್ತ್ರಕಾರರಿಗೆ ಅಪರಿಚಿತವಲ್ಲ. ಕೃತ, ಕಾರಿತ, ಅನುಮೋದಿತ ಎಂದು ಕರ್ಮದ ಹೊಣೆಯನ್ನು ಮೂರು ಬಗೆಯಾಗಿ ಹಂಚಿದ ತತ್ತ್ವಾರ್ಥಸೂತ್ರವು ಕೊಂದವನಲ್ಲಿಯೇ ಹೊಣೆಯನ್ನು ನಿಲ್ಲಿಸುವುದಿಲ್ಲ. ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರು ತಮ್ಮ ಯೋಗಶಾಸ್ತ್ರದಲ್ಲಿ ಶ್ರಾವಕನು ಬಿಡಬೇಕಾದ ವೃತ್ತಿಗಳ ನಡುವೆ ದಂತವಾಣಿಜ್ಯವನ್ನು ಎಣಿಸಿ, ದಂತ ಮಾತ್ರವಲ್ಲದೆ ಕೂದಲು, ಮೂಳೆ, ಚರ್ಮಗಳನ್ನು ಅವು ದೊರೆಯುವ ಮೂಲಸ್ಥಾನದಲ್ಲಿ ವ್ಯಾಪಾರಕ್ಕಾಗಿ ಕೊಳ್ಳುವುದನ್ನೂ ಅದರಲ್ಲಿ ಸೇರಿಸಿದ್ದಾರೆ. ಕೊಳ್ಳುವವನ ಹಣವು ಬೇಟೆಗಾರನ ಕೈಯನ್ನು ಚುರುಕುಗೊಳಿಸುತ್ತದೆ ಎಂಬ ಅರಿವು ಆ ಕಾಲದಲ್ಲಿಯೇ ಇತ್ತು. ಇನ್ನು ಯೋಧನ ವಿಷಯ. ದೇಶರಕ್ಷಣೆಗಾಗಿ ಗೃಹಸ್ಥನು ಅನಿವಾರ್ಯವಾಗಿ ಮಾಡುವ ವಿರೋಧಿ ಹಿಂಸೆಯನ್ನೂ ಉದ್ದೇಶಪೂರ್ವಕವಾದ ಸಂಕಲ್ಪಿ ಹಿಂಸೆಯನ್ನೂ ನಮ್ಮ ಪರಂಪರೆಯು ಬೇರೆ ಬೇರೆಯಾಗಿ ತೂಗಿದೆ. ಕರಡಿಯು ಯಾವ ದೇಶದ ಮೇಲೂ ದಂಡೆತ್ತಿ ಬಂದ ಶತ್ರುವಲ್ಲ. ಆದ್ದರಿಂದ ಖಡ್ಗಕ್ಕೆ ಸಿಗುವ ವಿನಾಯಿತಿಯು ಟೋಪಿಗೆ ಸಿಗದು.

ಉಳಿಯಬೇಕಾದದ್ದು ಯಾವುದು

ಪರಂಪರೆಯು ವಸ್ತುವಿನಲ್ಲಿದೆಯೋ ಅರ್ಥದಲ್ಲಿದೆಯೋ ಎಂಬುದೇ ಇಲ್ಲಿನ ನಿರ್ಣಾಯಕ ಪ್ರಶ್ನೆ. ಸೇನಾ ವಾದ್ಯವೃಂದಗಳಲ್ಲಿ ದೊಡ್ಡ ಡೋಲು ಬಾರಿಸುವವರು ಹಿಂದೆ ಚಿರತೆಯ ಚರ್ಮವನ್ನು ಧರಿಸುತ್ತಿದ್ದರು. ಇಂದು ಬ್ರಿಟನ್ನಿನ ಹಲವು ವಾದ್ಯವೃಂದಗಳಲ್ಲಿ ಅದರ ಸ್ಥಾನಕ್ಕೆ ಕೃತಕ ಚರ್ಮವು ಬಂದಿದೆ. ಇದರಿಂದ ಮೆರವಣಿಗೆಯ ಗಾಂಭೀರ್ಯ ಕುಗ್ಗಲಿಲ್ಲ, ಡೋಲಿನ ನಾದವೂ ತಗ್ಗಲಿಲ್ಲ. ತುಪ್ಪಳಕ್ಕಾಗಿ ಪ್ರಾಣಿಗಳನ್ನು ಸಾಕುವುದನ್ನು ಕಾಯಿದೆಯಿಂದ ನಿಷೇಧಿಸಲು 2000ದಲ್ಲಿಯೇ ಮುಂದಾದ ದೇಶವೂ ಬ್ರಿಟನ್ನೇ. ರಾಣಿ ಎಲಿಜಬೆತ್ ಅವರ ಹೊಸ ಉಡುಪುಗಳಲ್ಲಿ 2019ರಿಂದ ಕೃತಕ ತುಪ್ಪಳವನ್ನೇ ಬಳಸಲಾಯಿತು. ರಾಣಿ ಕ್ಯಾಮಿಲಾ ಅವರೂ ಹೊಸದಾಗಿ ತುಪ್ಪಳದ ಉಡುಪುಗಳನ್ನು ಕೊಳ್ಳುವುದಿಲ್ಲವೆಂದು 2024ರ ಮೇ ತಿಂಗಳಲ್ಲಿ ಅರಮನೆಯು ತಿಳಿಸಿತು. ಅರಮನೆಯ ಒಳಗಿನವರು ಬಿಟ್ಟದ್ದನ್ನು ಬಾಗಿಲು ಕಾಯುವವರು ಹೊತ್ತು ನಿಲ್ಲುವುದು ಒಂದು ವಿಪರ್ಯಾಸವಲ್ಲವೆ?

ಈಗಿರುವ ಟೋಪಿಗಳನ್ನು ಸುಡಬೇಕೆಂದು ವಿವೇಕಿಗಳಾರೂ ಹೇಳಲಾರರು. ಅವು ದಶಕಗಳ ಕಾಲ ಬಾಳುವುವೆಂದು ಸಚಿವಾಲಯದ ಪರವಾಗಿ ಹೇಳುವ ಮಾತೇ ಹೊಸ ಚರ್ಮವನ್ನು ಕೊಳ್ಳದಿರುವುದಕ್ಕೆ ಉತ್ತಮ ಆಧಾರ. ಇರುವುದನ್ನು ಜೋಪಾನ ಮಾಡಿ, ಆ ಅವಧಿಯಲ್ಲಿ ತಕ್ಕ ಬದಲಿಯನ್ನು ಶ್ರದ್ಧೆಯಿಂದ ಹುಡುಕಿದರೆ ಪಡೆಯ ಮಾನವೂ ಉಳಿಯುತ್ತದೆ, ಕಾಡಿನ ಜೀವವೂ ಉಳಿಯುತ್ತದೆ.

ದೂರದ ದೇಶದ ಈ ಚರ್ಚೆಯನ್ನು ಓದಿ ಅನ್ಯರ ಮೇಲೆ ತೀರ್ಪು ಕೊಡುವುದು ಸುಲಭ. ನಮ್ಮ ಬಸದಿಗಳ ಉತ್ಸವಗಳಲ್ಲಿ ಬಳಸುವ ಚಾಮರದ ಕೂದಲು ಎಲ್ಲಿಂದ ಬಂದಿತು, ವಾದ್ಯಗಳಿಗೆ ಬಿಗಿದ ಚರ್ಮ ಯಾವುದು, ಪೂಜೆಗೆ ಉಡುವ ರೇಷ್ಮೆಗಾಗಿ ಎಷ್ಟು ಹುಳುಗಳು ಬಿಸಿನೀರಿನಲ್ಲಿ ಬೆಂದವು ಎಂಬ ವಿಚಾರಣೆಯನ್ನು ಆಡಳಿತ ಮಂಡಳಿಗಳು ಖರೀದಿಯ ಪಟ್ಟಿಯನ್ನು ಬರೆಯುವಾಗಲೇ ಮಾಡುವುದು ಅದಕ್ಕಿಂತ ಕಷ್ಟ, ಅದಕ್ಕಿಂತ ಶ್ರೇಯಸ್ಕರ. ವಾಟರ್‌ಲೂವಿನಲ್ಲಿ ಮೊದಲನೆಯ ಗಾರ್ಡ್ಸ್ ಪಡೆಯು ಗೆದ್ದಾಗ ಅದರ ಸಾಮಾನ್ಯ ಯೋಧರಿಗೆ ಕರಡಿ ಟೋಪಿಯ ಹಕ್ಕು ಇನ್ನೂ ಬಂದಿರಲಿಲ್ಲ. ಗೆಲುವು ಮೊದಲು ಬಂದಿತು, ಟೋಪಿ ಆಮೇಲೆ ಬಂದಿತು. ಆ ಗೆಲುವಿನ ನೆನಪು ಉಳಿಯುವುದಕ್ಕೆ ಇನ್ನೊಂದು ಕರಡಿಯ ಚರ್ಮವು ಬೇಕಾಗಿಲ್ಲ.